ನಾನು ರೈಫಲ್ ಆರಿಸಿದ್ದು

ಗಂಡಸಿಗೆ ಹೆದರಿಕೆ ಇರಬಾರದು ಎಂದು ಮೊದಲು ಹೇಳಿದವನ ಮನೆಯಲ್ಲಿ ಬೇಸಿಗೆಯಲ್ಲೂ ಹೆಂಡತಿ ಇದ್ದಿರಬೇಕು. ಕುವೈತಿನಲ್ಲಿ ಶಾಲೆಗೆ ರಜೆ ಬಿತ್ತೆಂದರೆ ಹೆಂಗಸರು ಮಕ್ಕಳು ಊರಿಗೆ, ಗಂಡಸರು ಎ.ಸಿ. ಕೆಳಗೆ. ಆ ಎರಡು ತಿಂಗಳು ನಮಗೆ 'ಸಮ್ಮರ್ ಬ್ಯಾಚುಲರ್' ಎಂದು ಹೆಸರು. ಕೇಳುವುದಕ್ಕೆ ಏನೋ ಭಾರೀ ಮಜಾ ಇದ್ದಂತಿದೆ. ಇರುವುದು ದಿನಾ ಮೊಟ್ಟೆ ಬೇಯಿಸುವುದು. ನನಗೆ ಅದರ ಮೇಲೆ ಇನ್ನೊಂದು ಸಂಕಟ. ಒಬ್ಬನೇ ಮಲಗುವುದೆಂದರೆ ನನಗೆ ಹೆದರಿಕೆ. ಇದನ್ನು ನಿಮಗೆ ಹೇಳುತ್ತಿದ್ದೇನೆ, ಹೆಂಡತಿಗೆ ಆಗ ಹೇಳಿರಲಿಲ್ಲ.

ಆ ವರ್ಷ ಖೈತಾನಿನ ನಮ್ಮ ಕಟ್ಟಡದ ಮೊದಲ ಮಹಡಿಗೆ ಕಳ್ಳ ನುಗ್ಗಿದ. ಮನೆಯವರು ಆಗಲೇ ಊರಿಗೆ ಹೋಗಿದ್ದರು. ಟಿ.ವಿ., ಮಿಕ್ಸಿ ಹಾಗಿರಲಿ, ಉಪ್ಪಿನಕಾಯಿ ಭರಣಿಯನ್ನೂ ಬಿಡಲಿಲ್ಲವಂತೆ. ಉಪ್ಪಿನಕಾಯಿಯನ್ನೇ ಬಿಡದವನು ನನ್ನನ್ನು ಬಿಟ್ಟಾನೆಯೇ ಎಂಬ ಚಿಂತೆ ಹತ್ತಿಕೊಂಡಿತು. ಶರ್ಕಿನ ನನ್ನ ಆಫೀಸಿನಲ್ಲಿ ಇಂಟರ್‌ನೆಟ್ ಇತ್ತು, ಕೆಲಸವೂ ಇತ್ತು; ಇಂಟರ್‌ನೆಟ್ ಗೆದ್ದಿತು. ಮನೆ ಕಾಯಲು ಯಾವ ಬಂದೂಕು ವಾಸಿ ಎಂದು ಅಮೆರಿಕದವರು ಪುಟಗಟ್ಟಲೆ ಜಗಳವಾಡಿದ್ದರು. ಎಲ್ಲರ ವಾದವನ್ನೂ ಓದಿ ನಾನು ಲಿವರ್ ಆಕ್ಷನ್ ರೈಫಲ್ ಎಂದು ತೀರ್ಪು ಕೊಟ್ಟೆ. ಕುದುರೆ ಮೇಲಿನ ದೊಡ್ಡ ಟೋಪಿಯವರು ಕೆಳಗಿನ ಹಿಡಿಯನ್ನು ಒಮ್ಮೆ ಎಳೆದು, ತಳ್ಳಿ, ಗುಂಡು ಹಾರಿಸುತ್ತಾರಲ್ಲ, ಅದೇ. ಉದ್ದನೆಯದೋ ಗಿಡ್ಡನೆಯದೋ ಎಂಬುದು ಮುಂದಿನ ಪ್ರಶ್ನೆ. ಪೊರಕೆ ಹಿಡಿದು ನಡುಮನೆಯಲ್ಲಿ ತಿರುಗಿ ನೋಡಿದೆ. ಉದ್ದನೆಯದಾದರೆ ಫ್ರಿಜ್ಜಿಗೆ ತಾಗುತ್ತದೆ. ಗಿಡ್ಡನೆಯದೇ ಸರಿ. ಮರದ ಹಿಡಿ ಸೋಫಾದ ಬಣ್ಣಕ್ಕೆ ಹೊಂದಿದರೆ ಇನ್ನೂ ಒಳ್ಳೆಯದು ಎಂದುಕೊಂಡೆ.

ನನ್ನ ಹೆಂಡತಿ ಪೊನ್ನಮ್ಮ ಕೊಡಗಿನವಳು, ನಾನು ಉಡುಪಿಯವನು. ಅವಳಿಗೆ ತುಳು ಬಾರದು, ನನಗೆ ಕೊಡವ ಭಾಷೆ ಬಾರದು, ಹೀಗಾಗಿ ನಮ್ಮ ಜಗಳಗಳೆಲ್ಲ ಕನ್ನಡದಲ್ಲಿ. ಅವಳ ತವರಿನಲ್ಲಿ ಕೋವಿಗೆ ಪೂಜೆ ಮಾಡುತ್ತಾರೆ. ಮದುವೆಯಾದ ವರ್ಷ ಕೈಲ್ ಮುಹೂರ್ತದ ಹಬ್ಬಕ್ಕೆ ಹೋದಾಗ, ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯಲು ಅಳಿಯನ ಕೈಗೂ ಕೋವಿ ಕೊಟ್ಟರು. ನಾನು ಗಟ್ಟಿಯಾಗಿ ಕಣ್ಣು ಮುಚ್ಚಿ ಹೊಡೆದೆ. ಕಾಯಿ ಕ್ಷೇಮವಾಗಿತ್ತು, ಪಕ್ಕದ ಮರದಿಂದ ಒಂದು ಕೊಂಬೆ ಬಿತ್ತು. ಆಮೇಲೆ ಪೊನ್ನಮ್ಮ ಸೀರೆ ಸೆರಗು ಸಿಕ್ಕಿಸಿ ಒಂದೇ ಗುಂಡಿಗೆ ಕಾಯಿ ಒಡೆದಳು. ಆ ಕಾಯಿಯ ಚಟ್ನಿಯನ್ನು ನಾನೂ ತಿಂದೆ.

ಆದ್ದರಿಂದ ರೈಫಲ್ ವಿಚಾರವನ್ನು ಲೋಕಾಭಿರಾಮವಾಗಿ ಎಂಬಂತೆ ತೆಗೆದೆ. ಅವಳು ಸೂಟ್‌ಕೇಸಿಗೆ ಬಾದಾಮಿ ತುಂಬುತ್ತಿದ್ದಳು. ತಲೆ ಎತ್ತದೆ, "ಕೋವಿ ಹಿಡಿಯೋವಾಗ ಕಣ್ಣು ತೆರೆದಿರಬೇಕು ರೀ," ಎಂದಳು. ಕನ್ನಡ ಪೂರ್ತಿ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು, "ಡ್ಯಾಡಿ, ವೇರ್ ವಿಲ್ ಯು ಕೀಪ್ ದ ಹಾರ್ಸ್?" ಎಂದು ಕೇಳಿದಳು. ಮರುದಿನ ಇಬ್ಬರೂ ವಿಮಾನ ಹತ್ತಿದರು.

ಆಫೀಸಿನಲ್ಲಿ ಪಕ್ಕದ ಮೇಜಿನ ಹಮೀದ್, ಬಂಟ್ವಾಳದವರು, ನನ್ನ ಪರದೆಯನ್ನು ಬಹಳ ದಿನದಿಂದ ಗಮನಿಸುತ್ತಿದ್ದರಂತೆ. "ಇಕಾಮಾದ ಪರ್ಮಿಟ್ಟಿನಲ್ಲಿ ಬದುಕುವ ಹೊರಗಿನವರಿಗೆ ಇಲ್ಲಿ ಕೋವಿ ಯಾರು ಕೊಡ್ತಾರೆ ಮಾರಾಯ್ರೆ? ಸಿಕ್ಕಿದ್ರೂ ಕಳ್ಳ ಹೋಗುದಲ್ಲ, ನೀವು ಹೋಗುದು, ಊರಿಗೆ," ಎಂದರು. ಇದು ಮೊದಲೇ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅಷ್ಟು ಕಷ್ಟಪಟ್ಟು ಆರಿಸಿದ ಮೇಲೆ ಬೇಜಾರಾಗುತ್ತದೆ. ನನ್ನ ಮುಖ ನೋಡಿ ಹಮೀದರೇ ದಾರಿ ತೋರಿಸಿದರು: ಬಾಗಿಲ ಹೊರಗೆ ಗಂಡಸರ ಬೂಟು ಸಾಲಾಗಿಟ್ಟರೆ ಒಳಗೆ ಬಹಳ ಜನ ಇದ್ದಾರೆಂದು ಕಳ್ಳ ಹೆದರುತ್ತಾನೆ. ಅವರ ರೂಮಿನಲ್ಲಿ ಆರೇಳು ಜನ ಇದ್ದಾರೆ, ಹಳೆಯ ಬೂಟಿಗೆ ಬರವಿಲ್ಲ. ಒಂದು ಚೀಲ ತಂದುಕೊಟ್ಟರು. ಅದರಲ್ಲಿ ಒಬ್ಬ ರಾಕ್ಷಸನ ಪಾದದಷ್ಟು ದೊಡ್ಡ ಸೇಫ್ಟಿ ಶೂ ಕೂಡ ಇತ್ತು. ಅದನ್ನು ಬಾಗಿಲ ಮಧ್ಯಕ್ಕೇ ಇಟ್ಟೆ.

ಕಳ್ಳ ಹೆದರಿದನೋ ಇಲ್ಲವೋ ಗೊತ್ತಿಲ್ಲ, ಹಾರಿಸ್ ಹೆದರಿದ. ಹಾರಿಸ್ ಎಂದರೆ ಕಟ್ಟಡ ಕಾಯುವವನು; ನಮ್ಮವನು ಈಜಿಪ್ಟಿನ ವಯಸ್ಸಾದ ಮನುಷ್ಯ. ನಮ್ಮದು ಫ್ಯಾಮಿಲಿಗಳಿಗೆ ಮಾತ್ರ ಎಂಬ ಕಟ್ಟಡ. ಹೆಂಡತಿಯನ್ನು ಊರಿಗೆ ಕಳಿಸಿ ಖಾಲಿ ಕೋಣೆಗಳಿಗೆ ಬ್ಯಾಚುಲರುಗಳನ್ನು ತುಂಬಿ ಬಾಡಿಗೆ ಎತ್ತುವವರು ಎಲ್ಲ ಕಡೆ ಇದ್ದಾರೆ. ಬೂಟಿನ ಸಾಲು ನೋಡಿ ಅವನು ಮಾಲೀಕನ ಆಫೀಸಿಗೆ ಸುದ್ದಿ ಮುಟ್ಟಿಸಿದ. ಮರುಸಂಜೆಯೇ ಅಲ್ಲಿಂದ ಒಬ್ಬ ಬಂದು, ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕು, ಖಲಾಸ್, ಎಂದ. ಪೊನ್ನಮ್ಮ ಮಗಳ ಕೈಹಿಡಿದು ವಾಪಸು ಬಂದಾಗ ಅವಳನ್ನು ಕರೆದುಕೊಂಡು ಹೋಗಲು ಒಂದು ಮನೆ ಬೇಡವೇ?

ಒಳಗೆ ಬಂದು ನೋಡಿ ಎಂದು ಗೋಗರೆದೆ. ಅವನು ಕೋಣೆ ಕೋಣೆ ನೋಡಿದ, ಮಂಚದ ಕೆಳಗೆ ಬಗ್ಗಿದ, ಬಚ್ಚಲನ್ನೂ ಬಿಡಲಿಲ್ಲ. ಸಿಕ್ಕಿದ್ದು ತೊಳೆಯಲು ಬಿಟ್ಟ ಒಂದೇ ತಟ್ಟೆ, ಒಂದೇ ಲೋಟ, ಮೊಟ್ಟೆ. ಹಾಗಾದರೆ ಈ ಬೂಟುಗಳು ಯಾರವು ಎಂದು ಮೆಟ್ಟಿಲ ಮೇಲೆ ನಿಂತು ಕೇಳಿದ. ಬಾಗಿಲುಗಳು ಒಂದೊಂದೇ ಸಂದಿ ಬಿಟ್ಟವು. ಮಾನ ಮುಖ್ಯವೋ ಮನೆ ಮುಖ್ಯವೋ ಎಂದು ಒಂದು ಗಳಿಗೆ ಯೋಚಿಸಿ, ನನಗೆ ಬಂದ ಹರಕು ಹಿಂದಿಯಲ್ಲಿ, "ಭಾಯಿ, ಮುಝೆ ಅಕೇಲಾ ಡರ್ ಲಗ್ತಾ ಹೈ," ಒಬ್ಬನೇ ಇರಲು ಹೆದರಿಕೆ, ಎಂದೆ. ಅವನು ನನ್ನನ್ನೂ ಆ ಸೇಫ್ಟಿ ಶೂವನ್ನೂ ನೋಡಿ ಇಳಿದು ಹೋದ. ಮನೆ ಉಳಿಯಿತು.

ಹಾರಿಸ್ ಮಾತ್ರ ಅಲ್ಲೇ ನಿಂತಿದ್ದ. ಮೆಲ್ಲಗೆ, "ಮದಾಮ್ ಚಪ್ಪಲ್ ಬರ್ರಾ, ಹರಾಮಿ ಮಾಫಿ," ಎಂದ. ಮದಾಮಿನ ಚಪ್ಪಲಿ ಹೊರಗಿಡು, ಕಳ್ಳ ಬರುವುದಿಲ್ಲ. ಗಂಡಸರ ಬೂಟೆಂದರೆ ಹಗಲೆಲ್ಲ ಮನೆ ಖಾಲಿ, ಎಲ್ಲರೂ ಕೆಲಸಕ್ಕೆ ಹೋಗಿದ್ದಾರೆ ಎಂದೇ ಅರ್ಥವಂತೆ. ಹೆಂಗಸಿದ್ದ ಮನೆ ಯಾವಾಗ ಖಾಲಿ ಎಂದು ಯಾವ ಕಳ್ಳನೂ ಹೇಳಲಾರ. ಅಂದೇ ಬೂಟುಗಳನ್ನೆಲ್ಲ ಹಮೀದರಿಗೆ ಮುಟ್ಟಿಸಿ, ಪೊನ್ನಮ್ಮನ ನೀಲಿ ಹವಾಯಿ ಚಪ್ಪಲಿಯನ್ನು ಬಾಗಿಲಲ್ಲಿಟ್ಟೆ.

ರಜೆ ಮುಗಿದು ಅವಳು ಬಂದಾಗ ಸೂಟ್‌ಕೇಸ್ ಹೊತ್ತು ತಂದ ಹಾರಿಸ್ ಕೆಳಗಿನಿಂದ ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಇಡೀ ಕಥೆ ಕೈಸನ್ನೆಯಲ್ಲೇ ಹೇಳಿ ಮುಗಿಸಿದ್ದ. ಅವಳನ್ನು ಕಂಡು ನನಗೆ ಅಳು ಬರುವಷ್ಟು ಸಮಾಧಾನವಾಯಿತು. ಅವಳು ಚಪ್ಪಲಿಯ ಧೂಳು ಕೊಡವಿ ಮೆಟ್ಟಿಕೊಂಡು, ನಿದ್ದೆ ಬರುತ್ತಿತ್ತೇ ಎಂದು ಕೇಳಿದಳು. ಚಪ್ಪಲಿ ಇಟ್ಟ ಮೇಲೆ ದಿನಾ ಕಣ್ಣು ಮುಚ್ಚಿದ್ದೊಂದೇ ಗೊತ್ತು ಎಂದೆ.

"ಅದು ನಿಮಗೆ ಮೊದಲಿಂದಲೂ ಚೆನ್ನಾಗಿ ಬರ್ತದೆ," ಎಂದಳು ಪೊನ್ನಮ್ಮ.