ಕಾನೂನು ಪ್ರಕಾರ ಮಹಡಿ ಬಾಡಿಗೆಗೆ ಕೊಟ್ಟಿದ್ದು

ಚಂದ್ರಾ ಲೇಔಟ್‌ನ ನಮ್ಮ ಮನೆಯ ಮಹಡಿಯಲ್ಲಿದ್ದ ಬಾಡಿಗೆದಾರರು ಕೆಂಗೇರಿಯಲ್ಲಿ ಸ್ವಂತ ಮನೆ ಕಟ್ಟಿಸಿಕೊಂಡು ಹೊರಟುಹೋದಾಗ, ನನ್ನ ತಲೆಯಲ್ಲಿ ಒಂದು ಮಹತ್ತರ ಯೋಜನೆ ಮೊಳೆಯಿತು. ಹಿಂದಿನ ರಸ್ತೆಯಲ್ಲೇ ಕಲ್ಯಾಣಮಂಟಪ. ಮುಹೂರ್ತವಿದ್ದಾಗಲೆಲ್ಲ ಪರವೂರಿನ ನೆಂಟರು ಅದರ ಮೆಟ್ಟಿಲ ಮೇಲೆ ಸೂಟ್‌ಕೇಸ್ ತಬ್ಬಿಕೊಂಡು ತೂಕಡಿಸುವುದನ್ನು ಕಂಡಿದ್ದೆ. ಅಂಥವರಿಗೆ ಒಂದೆರಡು ದಿನದ ಮಟ್ಟಿಗೆ ಮಹಡಿ ಕೊಟ್ಟರೆ? ಗೋಡೆಗೆ ಮೊಳೆ ಹೊಡೆದರೆಂಬ ಜಗಳವಿಲ್ಲ, ಖಾಲಿ ಮಾಡಿ ಎಂದು ಗೋಗರೆಯಬೇಕಿಲ್ಲ! ‘ಅಲ್ಪಾವಧಿ ವಸತಿ ವ್ಯವಸ್ಥೆ’ ಎಂದು ನಾಮಕರಣವನ್ನೂ ಮಾಡಿ, ಮಂಟಪದ ಮ್ಯಾನೇಜರ್ ಕಿವಿಗೆ ವಿಷಯ ಹಾಕಿ ಬಂದೆ.

ನನ್ನ ಹೆಂಡತಿ ವಿಶಾಲಾಕ್ಷಿ ನನ್ನ ಯೋಜನೆಯೊಂದನ್ನು ಒಪ್ಪಿದ್ದು ಅದೇ ಮೊದಲು.

"ಪಕ್ಕದ್ಮನೆ ರಾಜಣ್ಣ ಯಾವಾಗ್ಲಿಂದಲೋ ಅದನ್ನೇ ಮಾಡ್ತಿದಾರೆ. ನೀವೂ ಸುಮ್ನೆ ಶುರು ಮಾಡಿ" ಎಂದಳು.

ಸುಮ್ಮನೆ! ಸರ್ಕಾರಿ ಕಚೇರಿಯ ಟಪಾಲು ವಿಭಾಗದಲ್ಲಿ ತಲೆಗೂದಲು ಕಳೆದುಕೊಂಡು ನಿವೃತ್ತನಾದವನಿಗೆ ಹೇಳುವ ಮಾತೇ ಇದು? ಮೇಲಧಿಕಾರಿಗಳ ಅನುಮತಿಯಿಲ್ಲದೆ ನಾನು ಸೀನಿದವನೂ ಅಲ್ಲ.

"ಕಾನೂನು ಅಂತ ಒಂದಿದೆ ಕಣೇ. ನಾಳೆ ಯಾರಾದ್ರೂ ಬಂದು ಕೇಳಿದ್ರೆ?"

"ಯಾರೂ ಬರಲ್ಲ, ನೀವಾಗಿ ಹೋಗಿ ಕರೀದೇ ಇದ್ರೆ."

ನಾನಾಗಿ ಹೋಗಿ ಕರೆದೆ.

ವಾರ್ಡ್ ಕಚೇರಿಯ ಗುಮಾಸ್ತರು ನನ್ನ ಮಾತನ್ನು ಆಸಕ್ತಿಯಿಂದ ಕೇಳಿದರು. "ಲಾಡ್ಜಾ ಸಾರ್?"

"ಅಲ್ಲ."

"ಪಿಜಿನಾ?"

"ಅದೂ ಅಲ್ಲ. ಮದುವೆಗೆ ಬಂದೋರು ಬರ್ತಾರೆ, ಮಲಗ್ತಾರೆ, ಎದ್ದು ಹೋಗ್ತಾರೆ."

"ಅಂದ್ರೆ ಛತ್ರ!" ಎಂದು ಅವರು ಮೇಜು ಕುಟ್ಟಿದರು. "ರೂಲ್ಸ್ ಇದೆ ಸಾರ್, ಬೇಕಾದಷ್ಟಿದೆ. ಆದ್ರೆ ಈ ಲೈಸೆನ್ಸ್ ಕೊಡಿ ಅಂತ ಕೇಳ್ಕೊಂಡು ಇದುವರೆಗೂ ಒಬ್ರೂ ಬಂದಿರ್ಲಿಲ್ಲ. ನೀವೇ ಫಸ್ಟು!"

ಒಳಗಿನಿಂದ ಇನ್ನಿಬ್ಬರು ಎದ್ದು ಬಂದು ನನ್ನನ್ನು ನೋಡಿಕೊಂಡು ಹೋದರು. ನನಗಾಗಿ ಟೀ ಬಂತು. ಇದು ಪ್ರಾಮಾಣಿಕ ನಾಗರಿಕನಿಗೆ ಸಲ್ಲುವ ಗೌರವವೆಂದು ನಾನು ಉಬ್ಬಿಹೋದೆ. ಪರಿಶೀಲನೆಗೆ ಬರುವವರು ದಾರಿ ತಪ್ಪಬಾರದೆಂದು ಬಸ್‌ಸ್ಟಾಪಿನಿಂದ ನಮ್ಮ ಗೇಟಿನವರೆಗೆ ನಕ್ಷೆಯನ್ನೂ ಬರೆದುಕೊಟ್ಟೆ.

ಅವರು ದಾರಿ ತಪ್ಪಲಿಲ್ಲ.

ಮೊದಲು ಬಂದವರು ಕರೆಂಟಿನವರು. ನಾನು ಹೋಗಿದ್ದು ಒಂದು ಕಚೇರಿಗೆ, ಬಂದದ್ದು ಇನ್ನೊಂದು ಕಚೇರಿಯವರು! ಸರ್ಕಾರದ ಇಲಾಖೆಗಳ ನಡುವೆ ಹೊಂದಾಣಿಕೆಯೇ ಇಲ್ಲವೆಂದು ದೂರುವವರು ನಮ್ಮ ಮನೆಗೆ ಬಂದು ನೋಡಬೇಕಿತ್ತು. ಮಹಡಿಯಲ್ಲಿ ವ್ಯಾಪಾರ ನಡೆಯುವುದರಿಂದ ಮೀಟರ್ ಕಮರ್ಷಿಯಲ್ ಆಗಬೇಕೆಂದರು. ವ್ಯಾಪಾರ ಇನ್ನೂ ಶುರುವಾಗಿಲ್ಲ ಎಂದೆ. "ಪರವಾಗಿಲ್ಲ ಸಾರ್, ಮೀಟರ್ ಈಗ್ಲೇ ಶುರುವಾಗ್ಲಿ" ಎಂದರು.

ಆಮೇಲೆ ಬಂದವರು ಹೆಲ್ತ್ ಇನ್‌ಸ್ಪೆಕ್ಟರ್. ಗಂಭೀರ ಮುಖದ, ಕಡಿಮೆ ಮಾತಿನ ಮನುಷ್ಯ. ಬಚ್ಚಲಿನ ಅಗಲ ಅಳೆದರು, ಕಿಟಕಿಯ ಎತ್ತರ ಅಳೆದರು, ಕೊನೆಗೆ ನನ್ನನ್ನು ಕಣ್ಣಲ್ಲೇ ಅಳೆದು ಕೇಳಿದರು, "ಬಂದೋರಿಗೆ ತಿನ್ನೋಕೆ ಕುಡಿಯೋಕೆ ಏನಾದ್ರೂ ಕೊಡ್ತೀರಾ?"

ಇಲ್ಲವೆಂದಿದ್ದರೆ ಮುಗಿಯುತ್ತಿತ್ತು. ನಾನು ಎದೆಯುಬ್ಬಿಸಿ, "ಒಳ್ಳೇ ಫಿಲ್ಟರ್ ಕಾಫಿ ಸಾರ್!" ಎಂದೆ.

"ಹಾಗಾದ್ರೆ ಇದು ಹೋಟ್ಲು. ಕಾಫಿ ಮಾಡೋರು ಯಾರು?"

"ನನ್ನ ಹೆಂಡ್ತಿ."

"ಅವ್ರಿಗೆ ಅಂಟುಜಾಡ್ಯ ಏನೂ ಇಲ್ಲ ಅಂತ ಡಾಕ್ಟರ್ ಸರ್ಟಿಫಿಕೇಟ್ ತನ್ನಿ."

ಬಾಗಿಲ ಹಿಂದೆ ನಿಂತಿದ್ದ ವಿಶಾಲಾಕ್ಷಿ ಇದನ್ನು ಕೇಳಿಸಿಕೊಂಡಳು. ಅಂದು ಸಂಜೆ ನಾನು ಕಾಫಿ ಕೇಳಿದಾಗ, "ಸರ್ಟಿಫಿಕೇಟ್ ಬರ್ಲಿ, ಕೊಡ್ತೀನಿ" ಎಂದಳು. ಮೂಡಲಪಾಳ್ಯದ ರಸ್ತೆಯ ದರ್ಶಿನಿಯಲ್ಲಿ ನಾನು ಖಾಯಂ ಗಿರಾಕಿಯಾದದ್ದು ಅಂದಿನಿಂದ.

ಬೆಂಕಿಯಿಂದ ರಕ್ಷಣೆಗೆಂದು ಕೆಂಪು ಬಕೆಟ್‌ಗಳಲ್ಲಿ ಮರಳು ತುಂಬಿ ಮೆಟ್ಟಿಲುದ್ದಕ್ಕೂ ಇಟ್ಟೆ. ಬೀದಿಯ ಬೆಕ್ಕುಗಳಿಗೆ ಅಷ್ಟೊಂದು ಸುಸಜ್ಜಿತ ಶೌಚಾಲಯ ಹಿಂದೆಂದೂ ಸಿಕ್ಕಿರಲಿಲ್ಲ. ಪಕ್ಕದ ರಾಜಣ್ಣ ಕಾಂಪೌಂಡಿನ ಮೇಲಿಂದ ಇಣುಕಿ, "ಏನ್ ಸಾರ್, ಮೇಲ್ಗಡೆ ಪೆಟ್ರೋಲ್ ಬಂಕಾ?" ಎಂದರು. ಅವರ ಮಹಡಿಯಲ್ಲಿ ಆಗ ಯಾವುದೋ ಮದುವೆಯ ನೆಂಟರು ಹಾಯಾಗಿ ಇಸ್ಪೀಟಾಡುತ್ತಿದ್ದರು. ಒಂದು ಬಕೆಟ್ ಮರಳೂ ಇಲ್ಲದೆ!

ಕೊನೆಗೆ ಇನ್‌ಸ್ಪೆಕ್ಟರ್ ಮತ್ತೊಮ್ಮೆ ಬಂದು ಎಚ್ಚರಿಕೆ ಕೊಟ್ಟು ಹೋದರು: "ಲೈಸೆನ್ಸ್ ಕೈಗೆ ಸಿಗೋವರೆಗೂ ಹೊರಗಿನೋರು ಒಬ್ರು ಮಲಗಿದ್ರೂ ಮಹಡಿ ಸೀಲ್ ಮಾಡ್ತೀವಿ."

ಅಷ್ಟರಲ್ಲಿ ಮಂಟಪದ ಮ್ಯಾನೇಜರ್ ತನ್ನ ಕೆಲಸ ಮಾಡಿಬಿಟ್ಟಿದ್ದ. ಮರುದಿನ ಬೆಳಗಾಗುತ್ತಲೇ ಗೇಟಿನ ಮುಂದೆ ಟೆಂಪೊ ನಿಂತಿತು. ಗದಗಿನ ಕಡೆಯ ಈರಣ್ಣ, ಮಗನ ಮದುವೆಗೆಂದು ಇಡೀ ಬಳಗವನ್ನು ಕಟ್ಟಿಕೊಂಡು ಬಂದಿಳಿದಿದ್ದರು. ಕಂಕುಳಲ್ಲಿ ಕೂಸು ಹೊತ್ತ ಹೆಂಗಸರು, ಕೋಲೂರಿದ ಅಜ್ಜಿ, ರೊಟ್ಟಿಯ ಗಂಟುಗಳು. "ನಮಸ್ಕಾರ್ರಿ ಯಜಮಾನ್ರ, ಮ್ಯಾನೇಜರ್ ಸಾಹೇಬ್ರು ನಿಮ್ಮನಿ ತೋರಿಸ್ಯಾರ್ರಿ!" ಎಂದು ಕೈಮುಗಿದರು.

ಲೈಸೆನ್ಸ್ ಬಂದಿಲ್ಲ, ವಾಪಸ್ ಹೋಗಿ ಎಂದು ಆ ಅಜ್ಜಿಗೆ ಹೇಳುವುದು ಹೇಗೆ? ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಮೆಟ್ಟಿಲು ಹತ್ತಿಯಾಗಿತ್ತು.

ಅವರು ಗಂಟು ಬಿಚ್ಚುವ ಹೊತ್ತಿಗೆ ಇನ್‌ಸ್ಪೆಕ್ಟರ್ ಸ್ಕೂಟರ್ ಬಂತು! ಹೆಂಗಸೊಬ್ಬಳು ಅಗ್ನಿಶಾಮಕ ಮರಳಿನಲ್ಲಿ ಪಾತ್ರೆ ತಿಕ್ಕುತ್ತಿದ್ದಳು. (ಬೆಕ್ಕಿನ ವಿಷಯ ನಾನು ಇಂದಿಗೂ ಹೇಳಿಲ್ಲ.)

"ಯಾರ್ರೀ ಇವ್ರೆಲ್ಲ?"

ಇಡೀ ಆಯುಷ್ಯದಲ್ಲಿ ಒಂದು ಅರ್ಧ ದಿನದ ರಜೆಯನ್ನೂ ಸುಳ್ಳು ಹೇಳಿ ಪಡೆದವನಲ್ಲ ನಾನು. ಒಳಗಿನಿಂದ ವಿಶಾಲಾಕ್ಷಿ ಬಂದು, "ನಮ್ಮ ನೆಂಟ್ರು ಸಾರ್" ಎಂದಳು.

"ಯಾರ ಕಡೆಯೋರು?"

"ಇವ್ರ ಕಡೆಯೋರು" ಎಂದು ನನ್ನನ್ನು ತೋರಿಸಿ ನಿರಾಳವಾದಳು.

ಇನ್‌ಸ್ಪೆಕ್ಟರ್ ನನ್ನತ್ತ ತಿರುಗಿದರು. ಮೆಟ್ಟಿಲ ಮೇಲಿದ್ದ ಈರಣ್ಣನನ್ನು ತೋರಿಸಿ, "ಇವ್ರು ನಿಮ್ಗೇನಾಗ್ಬೇಕು?"

"ಚಿ... ಚಿಕ್ಕಪ್ಪನ ಮಗ."

"ನಿಮ್ಮ ಮಾತು ಮೈಸೂರು ಕಡೇದು. ಅವ್ರದ್ದು ಗದಗ್ ಕಡೇದು."

"ಚಿಕ್ಕಪ್ಪ ರೈಲ್ವೇಲಿದ್ರು ಸಾರ್. ಟ್ರಾನ್ಸ್‌ಫರ್ ಆಗಿ ಅಲ್ಲೇ ನಿಂತ್ಬಿಟ್ರು."

ಇಲ್ಲದ ಚಿಕ್ಕಪ್ಪನಿಗೆ ನಾನು ನೌಕರಿ ಕೊಟ್ಟು ವರ್ಗಾವಣೆಯನ್ನೂ ಮಾಡಿದ್ದೆ! ಈರಣ್ಣ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ ದಡದಡನೆ ಇಳಿದು ಬಂದು ನನ್ನನ್ನು ಬಿಗಿಯಾಗಿ ಅಪ್ಪಿಕೊಂಡರು. "ಹೌದ್ರಿ ಸಾಹೇಬ್ರ, ನಮ್ಮ ಅಣ್ಣಾರು! ಬರ್ರಿ, ರೊಟ್ಟಿ ತಿನ್ರಿ."

ಇನ್‌ಸ್ಪೆಕ್ಟರರನ್ನು ಕೂರಿಸಿ, ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿದರು. ಅಡುಗೆ ಮಾಡಿದವರ ಸರ್ಟಿಫಿಕೇಟನ್ನು ಅವರು ಕೇಳಲಿಲ್ಲ. ಇನ್ನೊಂದು ರೊಟ್ಟಿ ಕೇಳಿದರು.

ಅಲ್ಲಿಗೆ ಗಂಡಾಂತರ ಕಳೆಯಿತೆಂದುಕೊಂಡೆ. ಗಂಡಾಂತರ ಶುರುವಾದದ್ದೇ ಅಲ್ಲಿಂದ. ಮದುವೆಯಲ್ಲಿ ನನ್ನ ತಲೆಗೆ ರುಮಾಲು ಸುತ್ತಿ ಮದುಮಗನ ದೊಡ್ಡಪ್ಪನೆಂದು ವೇದಿಕೆಗೆ ಹತ್ತಿಸಿದರು. ದೊಡ್ಡಪ್ಪನಾದವನು ಬರಿಗೈಲಿ ಅಕ್ಷತೆ ಹಾಕುವುದುಂಟೇ? ವಿಶಾಲಾಕ್ಷಿ ಮಾರೇನಹಳ್ಳಿಯ ಅಂಗಡಿಗೆ ಓಡಿ ಬೆಳ್ಳಿ ಲೋಟ ತಂದಳು. ಕಮರ್ಷಿಯಲ್ ದರದಲ್ಲಿ ಬಲ್ಬುಗಳೆಲ್ಲ ಮಹಡಿಯಲ್ಲಿ ಹಗಲೂ ರಾತ್ರಿ ಉರಿದವು.

ಹೊರಡುವ ಹೊತ್ತಿಗೆ ನಾನು ಗೇಟಿನ ಬಳಿ ನಿಂತು ಅರ್ಥಗರ್ಭಿತವಾಗಿ ಕೆಮ್ಮಿದೆ. ಈರಣ್ಣ ಜೇಬಿಗೆ ಕೈಹಾಕಿದವರು ಹಾಗೇ ಬರಿಗೈ ತೆಗೆದುಬಿಟ್ಟರು. ಅವರ ಕಣ್ಣು ಒದ್ದೆಯಾಗಿತ್ತು.

"ಅಣ್ಣಾರ, ಬಾಡಿಗಿ ಕೊಟ್ಟು ನಿಮಗ ಅವಮಾನ ಮಾಡೂದಿಲ್ರಿ. ಈ ಊರಾಗ ನಮ್ಮನ್ನ ಯಾರು ಕೇಳವ್ರು? ನೀವು ಸರ್ಕಾರಿ ಮನಶಾನ ಎದುರಿಗೆ ಸ್ವಂತದವ್ರು ಅಂದ್ರಿ."

"ಛೆ ಛೆ, ಅದೆಲ್ಲ ಯಾಕೆ..." ಎಂದೆ, ಒಂದು ಮರ್ಯಾದೆಗೆ. ಅವರು ಅದನ್ನು ಪೂರ್ತಿ ನಂಬಿ ಕಾಲಿಗೆ ನಮಸ್ಕರಿಸಿ ಹೊರಟರು.

ಕೆಲವು ದಿನಗಳ ಮೇಲೆ ವಾರ್ಡ್ ಕಚೇರಿಯಿಂದ ಉತ್ತರ ಬಂತು. ಸ್ಥಳ ಪರಿಶೀಲನೆಯ ವೇಳೆ ಮಹಡಿಯು ಅರ್ಜಿದಾರರ ಬಂಧುಬಳಗದಿಂದ ಭರ್ತಿಯಾಗಿರುವುದು ಕಂಡುಬಂದಿದ್ದು, ಹೊರಗಿನವರ ವಸತಿಗೆ ಸ್ಥಳಾವಕಾಶ ಇಲ್ಲವಾದ್ದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ!

ವಿಶಾಲಾಕ್ಷಿ ಅದನ್ನು ಗಟ್ಟಿಯಾಗಿ ಓದುತ್ತಿದ್ದಾಗ ಫೋನು ಹೊಡೆದುಕೊಂಡಿತು. ಈರಣ್ಣನ ಕಿರಿಯ ಮಗ. ವಿಜಯನಗರದ ಕಾಲೇಜೊಂದರಲ್ಲಿ ಸೀಟು ಸಿಕ್ಕಿದೆಯಂತೆ.

"ದೊಡ್ಡಪ್ಪಾರ, ಮ್ಯಾಲಿನ ಮನಿ ಖಾಲಿ ಐತೇನ್ರಿ? ಕೋರ್ಸ್ ಮುಗಿಯೂತನಕ ಅಷ್ಟ."

ಇಲ್ಲ ಎಂದು ಹೇಳಲೆಂದೇ ಬಾಯಿ ತೆರೆದೆ. ಆದರೆ ಹೊರಬಂದದ್ದು ಗದಗಿನ ಕನ್ನಡ:

"ಐತಪಾ ತಮ್ಮಾ. ಬಾ."