ಮೋಡದೊಳಗಿನ ಝಂಪರ

ವಯಸ್ಸಾದ ಮೇಲೂ ಹೊಸದೇನಾದರೂ ಕಲಿಯಬೇಕು ಎಂದು ಉಪದೇಶಿಸುವವರನ್ನು ನಾನು ಹತ್ತಿರ ಸೇರಿಸುವುದಿಲ್ಲ. ಅವರ ಮಾತು ಕೇಳಿಯೇ ನಾನು ಕೆಟ್ಟದ್ದು. ದಾಂಡೇಲಿಯ ಬಂಗೂರನಗರದಲ್ಲಿ ನನ್ನ ಓರಗೆಯ ಹೆಂಗಸರು ಸಂಜೆ ವಾಕಿಂಗ್ ಹೋಗುತ್ತಾರೆ, ಮಂಡಿಗೆ ಹಚ್ಚುವ ಎಣ್ಣೆಯ ಬಗ್ಗೆ ಮಾತಾಡುತ್ತಾರೆ, ಸುಖವಾಗಿದ್ದಾರೆ. ನಾನು ಆನ್‌ಲೈನ್ ಕೋರ್ಸ್ ಸೇರಿ ಕೋಡಿಂಗ್ ಕಲಿತೆ. ಕಲಿತ ವಿದ್ಯೆ ಸುಮ್ಮನಿರಲು ಬಿಡುತ್ತದೆಯೇ? ಯಾರ ಮೇಲಾದರೂ ಪ್ರಯೋಗಿಸಬೇಕು. ಕೈಗೆ ಸಿಕ್ಕವಳು ನಮ್ಮ ಟೇಲರ್ ಜುಬೇದಾ. ಅವಳ ಅಂಗಡಿಯಲ್ಲಿದ್ದ ಅಳತೆ ಚೀಟಿಗಳನ್ನು ಇಲಿಗಳು ತಿನ್ನತೊಡಗಿದ್ದವು. "ಡೋಂಟ್ ವರಿ, ಎಲ್ಲಾ ಕ್ಲೌಡ್‌ಗೆ ಹಾಕೂಣು," ಎಂದೆ. ಜುಬೇದಾ ಹುಬ್ಬೇರಿಸಿ, "ಮೋಡದಾಗ ಇಟ್ಟರ ಮಳಿಗಾಲದಾಗ ತೋಯೂದಿಲ್ಲೇನ್ರಿ ಬಾಯಿ?" ಎಂದಳು. ನಾನು ಕರುಣೆಯಿಂದ ನಕ್ಕೆ. ಆ ನಗುವಿನ ಫಲ ಆಮೇಲೆ ಉಂಡೆ.

ಕೆಲಸ ಹಂಚಿಕೊಂಡೆವು. ಜುಬೇದಾ ಹೇಳಿದಂತೆ ಅವಳ ಸೊಸೆ ನಸ್ರೀನ್ ತನ್ನ ಫೋನಿನಿಂದ ಅಳತೆಗಳನ್ನು ತುಂಬುವುದು, ಬೇಕಾದಾಗ ಹೊರಗೆ ತೆಗೆಯುವ ಕೋಡ್ ನನ್ನದು. ಪ್ರತಿ ಅಳತೆಗೂ ಒಂದು ಕೀ, ಅದರಲ್ಲಿ ಎರಡು ತುಂಡು: ಯಾರದು, ಯಾವ ಬಟ್ಟೆ. ಎರಡನ್ನೂ ಅಕ್ಷರ ತಪ್ಪದೆ ಕೊಟ್ಟರೆ ಕ್ಷಣದಲ್ಲಿ ಸಿಗುತ್ತದೆ. ಒಂದಕ್ಷರ ಆಚೀಚೆಯಾದರೆ ಬೈಯುವುದೂ ಇಲ್ಲ, ಅಂಥವರು ಇಲ್ಲಿಲ್ಲ ಎಂದು ತಣ್ಣಗೆ ಹೇಳಿಬಿಡುತ್ತದೆ. ಈ ಸ್ವಭಾವ ನನಗೆ ಹೊಸದಲ್ಲ. ನಾನು ಓದಿದ ಕಾನ್ವೆಂಟಿನ ಗೇಟಿನಲ್ಲಿ ಒಬ್ಬ ಸಿಸ್ಟರ್ ಇದ್ದರು. ನನ್ನ ಗೆಳತಿ ಸುಶೀಲೆಯ ಅಪ್ಪ ಅಣಶಿಯಿಂದ ಹಲಸಿನ ಹಣ್ಣು ಹೊತ್ತು ಬಂದು "ನಮ್ಮ ಸುಶಿ ಬೇಕಾಗಿತ್ತು" ಎಂದರೆ, ಸಿಸ್ಟರ್ "ನೋ ಸಚ್ ಗರ್ಲ್" ಎನ್ನುತ್ತಿದ್ದರು. ಸುಶಿ ಅವರ ಬೆನ್ನ ಹಿಂದೆಯೇ ಜೋಕಾಲಿ ಆಡುತ್ತಿದ್ದಳು! ಆ ಸಿಸ್ಟರ್ ಈಗ ಸ್ವರ್ಗದಲ್ಲಿದ್ದಾರೋ, ದಾರಿಯಲ್ಲಿ ಯಾವುದಾದರೂ ಮೋಡದಲ್ಲಿ ಕೆಲಸಕ್ಕೆ ಸೇರಿಕೊಂಡರೋ ಎಂದು ನನಗೆ ಅನುಮಾನ.

ಮೊನ್ನೆ ಅದೇ ಸುಶೀಲೆಗೆ ದಾಂಡೇಲಿಯಲ್ಲಿ ಸನ್ಮಾನ. ಜೋಯಿಡಾ ಕಡೆಯ ಗೆಡ್ಡೆಗೆಣಸಿನ ಹಳೆಯ ತಳಿಗಳನ್ನು ತನ್ನ ಹಿತ್ತಲಲ್ಲಿ ಉಳಿಸಿಕೊಂಡು ಬಂದದ್ದಕ್ಕೆ. ಜನ್ಮದಲ್ಲಿ ಮೊದಲ ಸಲ ಸ್ಟೇಜ್ ಹತ್ತುವವಳು. ಹಿಂದಿನ ದಿನ ಬಸ್ ಕಂಡಕ್ಟರ್ ಕೈಯಲ್ಲಿ ರವಿಕೆಗೆ ಹೊಸ ಖಣ ಕಳಿಸಿ, ಬಾಯಿಮಾತಿನಲ್ಲಿ ಹೇಳಿಸಿದ್ದಳು: "ಅಳತಿ ನಿನ್ನ ಕಂಪ್ಯೂಟರದಾಗ ಐತೆಲ್ಲಾ, ಝಂಪರ ಹೊಲಿಸಿಡು. ಅಲ್ಲೇ ಬಂದು ಹಾಕ್ಕೊಂಡು ಸ್ಟೇಜಿಗೆ ಹೋಗ್ತೇನಿ." ಅವಳ ಮನೆಯಲ್ಲಿ ಫೋನಿಗೆ ರೇಂಜ್ ಇಲ್ಲ. ಅಳತೆ ಸಿಗದಿದ್ದರೆ ಪಾಪ, ಬಣ್ಣಗೆಟ್ಟ ಹಳೆಯದರಲ್ಲೇ ಹಾರ ಹಾಕಿಸಿಕೊಳ್ಳಬೇಕು, ಅದೂ ನನ್ನ ಕಂಪ್ಯೂಟರನ್ನು ನಂಬಿದ್ದಕ್ಕೆ.

ಲ್ಯಾಪ್‌ಟಾಪ್ ಕಂಕುಳಲ್ಲಿ ಹಿಡಿದು ಅಂಗಡಿಗೆ ಓಡಿದೆ. ಜುಬೇದಾ ಕತ್ತರಿ ಹಿಡಿದು ಕಾಯುತ್ತಿದ್ದಳು. ನಾನು "ಸುಶೀಲಾ", "ಬ್ಲೌಸ್" ಎಂದು ಟೈಪ್ ಮಾಡಿದೆ. ಉತ್ತರ ಬಂತು: ನನ್. ಏನೂ ಇಲ್ಲ ಎನ್ನುವುದಕ್ಕೆ ಇಂಗ್ಲಿಷಿನ 'ನನ್'.

"ಏನಂತೈತ್ರಿ?"

"ನನ್ ಅಂತೈತಿ."

"ನಿಮ್ದ್ಯಾಕ್ರಿ? ಸುಶೀಲಾಬಾಯೀದು ಬೇಕಾಗಿತ್ತು!"

"ಬ್ಲೌಸ್ ಅಲ್ರಿ ಆಂಟಿ, ಝಂಪರ ಅಂತ ಹಾಕೇನಿ," ಎಂದಳು ನಸ್ರೀನ್. ಬದಲಿಸಿದೆ. ನನ್. ಸುಶೀಲಾಬಾಯಿ, ಸುಶಿ, ಅಣಶಿ ಸುಶೀಲಾ, ಎಲ್ಲಕ್ಕೂ ನನ್. ಬಾಲ್ಯವೆಲ್ಲ ಕಾನ್ವೆಂಟಿನ ನನ್‌ಗಳ ಕೈಯಲ್ಲಿ ಕಳೆದವಳು ನಾನು, ಮುಪ್ಪಿನಲ್ಲೂ ಬಿಡುಗಡೆ ಇಲ್ಲ. ಎಲ್ಲ ಅಳತೆಗಳನ್ನೂ ಒಮ್ಮೆಲೇ ಹೊರಗೆ ಸುರಿಯುವ ಉಪಾಯವೂ ಇದೆಯಂತೆ. ಅದು ಮುಂದಿನ ಪಾಠ, ನಾನಿನ್ನೂ ಅಲ್ಲಿಗೆ ಬಂದಿಲ್ಲ. ಅಷ್ಟರಲ್ಲಿ ನಸ್ರೀನ್ ದುಪಟ್ಟಾ ಬಾಯಿಗೆ ತುರುಕಿಕೊಂಡಿದ್ದಳು. ಅತ್ತೆ ಅವಳನ್ನು ಕಣ್ಣಲ್ಲೇ ಗದರಿಸಿ, ನನಗೆ ಬೆಲ್ಲದಂಥ ದನಿಯಲ್ಲಿ, "ಬಾಯಿ, ಅದನ್ನ ಹೆಂಗ ಒತ್ತೂದು ಇಕೀಗೆ ತೋರಿಸಿ, ನೀವು ಒಳಗ ಕುಂತು ಚಾ ಕುಡೀರಲ್ಲ," ಎಂದಳು.

"ಚಾ ಆಮ್ಯಾಲೆ. ಮೊದಲ ಹೇಳು, ಯಾವ ಹೆಸರಲೆ ಬರದೀರಿ?"

ಜುಬೇದಾ ಕತ್ತರಿ ಕೆಳಗಿಟ್ಟಳು. "ಸಿಟ್ಟಾಗಬಾರದ್ರಿ ಮತ್ತ. ಸುಶೀಲಾ ಅನ್ನೋರು ಭಾಳ ಮಂದಿ ಬರ್ತಾರ. ನಮಗ ನೆನಪಿರೂವಂಗ ಬರಸ್ತೇನ್ರಿ. ಹಳಿಯಾಳದ ಬೆಣ್ಣಿ ಅಕ್ಕ, ಮುಂಡಗೋಡದ ಗುರುಗುರು ಮೌಶಿ, ಹಂಗ."

"ಸುಶೀಲಾ?"

"ಕರಕ್ಸನ್ ಬಾಯಿ ಗೆಳತಿ."

ಕೇಳಬಾರದಿತ್ತು, ಆದರೂ ಕೇಳಿದೆ: "ಹಂಗಂದ್ರ ಕರೆಕ್ಷನ್ ಬಾಯಿ ಯಾರು?"

ಉತ್ತರ ಕೊಟ್ಟವಳು ನಸ್ರೀನ್. "ನಮ್ಮ ಬೋರ್ಡಿನ್ಯಾಗ ಸ್ಪೆಲ್ಲಿಂಗ್ ತಪ್ಪೈತಿ ಅಂತ ನೀವ ಏಣಿ ತರಿಸಿದ್ರೆಲ್ಲರಿ ಆಂಟಿ, ಆವಾಗಿಂದ."

ಟೈಪ್ ಮಾಡಿದೆ: "ಕರೆಕ್ಷನ್ ಬಾಯಿ ಗೆಳತಿ". ನನ್.

"ಕರೆಕ್ಷನ್ ಅಲ್ರಿ," ಜುಬೇದಾ ಮೆಲ್ಲಗೆ ಹೇಳಿದಳು, "ಕರಕ್ಸನ್."

ಇಡೀ ಆಯುಷ್ಯ ಇಂಗ್ಲಿಷ್ ಪಾಠ ಹೇಳಿದ ಬೆರಳುಗಳಿವು. ಅಭ್ಯಾಸಬಲದಿಂದ 'ಕ್ಷ'ದ ಕಡೆಗೇ ಹೋದವುಗಳನ್ನು ಎಳೆದು ತಂದು 'ಕ್ಸ' ಒತ್ತಿಸಿದೆ. ಆದರೆ ಒತ್ತಿದ್ದೇ ತಡ, ಎದೆ, ಭುಜ, ತೋಳು, ಕೊರಳು ಎಲ್ಲವೂ ಶಿಸ್ತಾಗಿ ಪರದೆಯ ಮೇಲೆ ಬಂದು ನಿಂತವು. ಜುಬೇದಾ ಬಿಸ್ಮಿಲ್ಲಾ ಎಂದು ಖಣಕ್ಕೆ ಕತ್ತರಿ ಹಾಕಿದಳು. ಮರುದಿನ ಸುಶಿ ಸ್ಟೇಜಿನ ಮೇಲೆ ಶಾಲು ಹೊದೆಯಲು ಒಪ್ಪಲೇ ಇಲ್ಲ. ಝಂಪರ ಮುಚ್ಚಿಹೋಗುತ್ತದೆಂದು ಅದನ್ನು ಮುಂಗೈ ಮೇಲೆ ಹಾಕಿಕೊಂಡು ಫೋಟೋಗೆ ನಿಂತಳು.

ಅಲ್ಲಿಗೆ ಲ್ಯಾಪ್‌ಟಾಪ್ ಮುಚ್ಚಿಡುವುದು ವಿವೇಕವಾಗಿತ್ತು. ಆದರೆ ಮನೆಗೆ ಬಂದವಳು ತಡೆಯಲಾರದೆ "ಕರಕ್ಸನ್ ಬಾಯಿ", "ಝಂಪರ" ಎಂದು ಕೊಟ್ಟೆ. ಒಂದೇ ಏಟಿಗೆ ಸಿಕ್ಕೆ. ಅಳತೆಗಳ ಕೆಳಗೆ ನಸ್ರೀನ್ ಒಂದು ಟಿಪ್ಪಣಿ ಸೇರಿಸಿದ್ದಳು: "ಟೇಪ್ ಹಿಡದಾಗ ಉಸಿರು ಒಳಗ ಎಳಕೋತಾರ. ಎರಡಿಂಚು ಜಾಸ್ತಿ ಬಿಡಬೇಕು. ಅವರಿಗೆ ಹೇಳಬಾರದು."

ಕನ್ನಡಕ ಒರೆಸಿಕೊಂಡು ಮತ್ತೆ ಮತ್ತೆ ಓದಿದೆ. ತಿದ್ದುವಂಥದ್ದು ಏನೂ ಸಿಗಲಿಲ್ಲ.