ನುಂಗಣ್ಣ ಪರ್ಸೆಂಟ್

ದೆಹಲಿಯಲ್ಲಿ ಇದುವರೆಗೆ ಯಾರೂ ಕಂಡಿರದಂಥ ರೆಸ್ಯೂಮೆಯನ್ನು ತಯಾರಿಸಿಯೇ ತೀರುತ್ತೇನೆ ಎಂದು ಒಂದು ಭಾನುವಾರ ದೋಸೆಯ ತಟ್ಟೆಯ ಮುಂದೆ ಪ್ರತಿಜ್ಞೆ ಮಾಡಿದೆ. ಆ ಪ್ರತಿಜ್ಞೆ ಅಕ್ಷರಶಃ ನೆರವೇರಿತು. ಅಂಥ ರೆಸ್ಯೂಮೆಯನ್ನು ದೆಹಲಿ ಕಂಡಿರಲಿಲ್ಲ, ಇನ್ನು ಮುಂದೆ ಕಾಣುವುದೂ ಬೇಡ!

ಇಷ್ಟು ದೊಡ್ಡ ಪ್ರತಿಜ್ಞೆಗೆ ಕಾರಣವಿತ್ತು. ಓಖ್ಲಾದಲ್ಲಿ ನಾನು ದುಡಿಯುತ್ತಿದ್ದ ಗಾರ್ಮೆಂಟ್ಸ್ ಕಂಪನಿ ದೀಪಾವಳಿ ಕಳೆದದ್ದೇ ತಿರುಪ್ಪೂರಿಗೆ ಗಂಟುಮೂಟೆ ಕಟ್ಟುವುದೆಂದು ತೀರ್ಮಾನವಾಗಿತ್ತು. ಕಂಪನಿಯ ಜೊತೆ ಹೋಗುವವರು ತಿರುಪ್ಪೂರಿಗೆ ಹೋಗಬಹುದು, ಹೋಗದವರು ಮನೆಗೆ ಹೋಗಬಹುದು. ನನ್ನ ಹೆಂಡತಿ ರತ್ನಪ್ರಭಾ ಜನಕಪುರಿ ಬಿಟ್ಟು ಕದಲುವುದಿಲ್ಲ ಎಂದು ಆಗಲೇ ಹೇಳಿಬಿಟ್ಟಿದ್ದಳು. ಮಗಳು ಸಿಂಚನಾ ಆಗಷ್ಟೇ ಇಲ್ಲಿನ ಕಾಲೇಜಿಗೆ ಸೇರಿದ್ದಳು. ಅಂದರೆ ದೀಪಾವಳಿಯೊಳಗೆ ನನಗೆ ದೆಹಲಿಯಲ್ಲೇ ಇನ್ನೊಂದು ಕೆಲಸ ಸಿಗಬೇಕು, ಇಲ್ಲದಿದ್ದರೆ ಚಳಿಗಾಲವೆಲ್ಲ ಬಾಲ್ಕನಿಯ ಬಿಸಿಲಿನಲ್ಲಿ ಕೂತು ಬಟಾಣಿ ಬಿಡಿಸಬೇಕು.

ಪುಣ್ಯಕ್ಕೆ ಓಖ್ಲಾದಲ್ಲೇ, ನಮ್ಮ ಹಿಂದಿನ ಗಲ್ಲಿಯ ಇನ್ನೊಂದು ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಒಂದು ಜಾಗ ಖಾಲಿ ಬಿದ್ದಿತು. ವಿದೇಶದ ಗಿರಾಕಿಗಳಿಗೆ ಕಳಿಸುವ ಗುಣಮಟ್ಟದ ವರದಿಗಳನ್ನು ಮೊದಲೇ ಓದಿ, ತಪ್ಪು ತಿದ್ದಿ, ಎಲ್ಲಾದರೂ ಬುರುಡೆ ಬಿಟ್ಟಿದ್ದರೆ ಹಿಡಿದು ನಿಲ್ಲಿಸುವ ಕೆಲಸ. ಕೂರಲು ಎಸಿ ರೂಮು. ಇಷ್ಟು ವರ್ಷ ಹೊಲಿಗೆ ಯಂತ್ರಗಳ ಸದ್ದಿನಲ್ಲಿ ನಿಂತೇ ಕಾಲ ಕಳೆದ ನನ್ನಂಥವನಿಗೆ ಎಸಿ ರೂಮೆಂದರೆ ಮೋಕ್ಷ. ಆ ಕುರ್ಚಿ ನನ್ನದೇ ಆಗಬೇಕು ಎಂದು ನಿರ್ಧರಿಸಿದೆ.

ನನ್ನ ಕೈಕೆಳಗಿದ್ದ ಪವನ್ ಆಗಲೇ ಗುರುಗ್ರಾಮದ ದೊಡ್ಡ ಕಂಪನಿಗೆ ಹಾರಿದ್ದ. ಗುಟ್ಟೇನಪ್ಪಾ ಎಂದು ಫೋನಿನಲ್ಲಿ ಕೇಳಿದೆ. ಹಳೇ ರೀತಿಯ ರೆಸ್ಯೂಮೆಯನ್ನು ಈಗ ಯಾರೂ ಕಣ್ಣೆತ್ತಿ ನೋಡುವುದಿಲ್ಲವೆಂದೂ, ಪುಸ್ತಕ ಅಚ್ಚು ಮಾಡಿದಷ್ಟು ನೀಟಾಗಿ ಬರಬೇಕೆಂದರೆ ಒಂದು ಸಾಫ್ಟ್‌ವೇರ್ ಇದೆಯೆಂದೂ ಹೇಳಿ, ಅದರ ಹೆಸರನ್ನು ಮೆಸೇಜಿನಲ್ಲಿ ಕಳಿಸಿದ. ನಾನು ಇಂಗ್ಲಿಷಿನಲ್ಲಿದ್ದ ಹಾಗೆಯೇ 'ಲೇಟೆಕ್ಸ್' ಎಂದು ಓದಿಕೊಂಡು ಹುಡುಕಿದೆ. ರಬ್ಬರಿನ ಹಾಸಿಗೆಗಳು ಬಂದವು, ಕೈಗವಸುಗಳು ಬಂದವು, ಬಲೂನುಗಳು ಬಂದವು! ಕೀರ್ತಿನಗರದ ಹಾಸಿಗೆ ಅಂಗಡಿಯವನೊಬ್ಬ ಫೋನ್ ಮಾಡಿ, ಸಿಂಗಲ್ಲೋ ಡಬಲ್ಲೋ ಎಂದು ವಿಚಾರಿಸಿದ.

ಕೊನೆಗೆ ಮಗಳಿಗೆ ಕರುಣೆ ಬಂತು. "ಪಪ್ಪಾ, ಯಾರ್, ಅದು ಎಕ್ಸ್ ಅಲ್ಲ. ಲೇಟೆಕ್. ಕಾಲೇಜಲ್ಲಿ ನಮ್ಮ ರಿಪೋರ್ಟ್ ಎಲ್ಲಾ ಅದರಲ್ಲೇ" ಎಂದಳು.

"ಹೆಸರಲ್ಲೇ ಲೇಟ್ ಇದೆಯಲ್ಲ. ನಿಮಗೆ ಹೇಳಿ ಮಾಡಿಸಿದ ಹಾಗಿದೆ ಕಣ್ರೀ" ಎಂದು ಅಡುಗೆಮನೆಯಿಂದ ರತ್ನ ದನಿಗೂಡಿಸಿದಳು.

ಸಿಂಚನಾ ತನ್ನ ಲ್ಯಾಪ್‌ಟಾಪಿನಲ್ಲಿ ರೆಡಿಮೇಡ್ ನಮೂನೆಯೊಂದನ್ನು ತೆರೆದುಕೊಟ್ಟು ಪಾಠ ಮಾಡಿದಳು. ಎಡಗಡೆ ನಾವು ಬರೆಯಬೇಕು, ಅಕ್ಷರದ ಜೊತೆಗೆ ಅಪ್ಪಣೆಗಳನ್ನೂ ಬರೆಯಬೇಕು. ಬಟನ್ ಒತ್ತಿದರೆ ಬಲಗಡೆ ಸಾಲು, ಅಂಚು, ಅಂತರವೆಲ್ಲ ಸರಿಯಾಗಿ ಕೂತ ಪುಟ ಅಚ್ಚಾಗಿ ಬರುತ್ತದೆ. ಎಡಗಡೆ ಅಲ್ಲಲ್ಲಿ ಹಸಿರು ಬಣ್ಣದ ಸಾಲುಗಳಿದ್ದವು. ಅವು ನಮೂನೆ ಮಾಡಿದವರು ತಮಗಾಗಿ ಬರೆದುಕೊಂಡ ಟಿಪ್ಪಣಿಗಳು, ಪುಟದಲ್ಲಿ ಬರುವುದಿಲ್ಲ, ನೀವು ಹಸಿರು ಮುಟ್ಟಲೇಬೇಡಿ ಎಂದು ಎಚ್ಚರಿಸಿ ಕಾಲೇಜಿಗೆ ಹೋದಳು. ಈ ಹಸಿರನ್ನು ದಯವಿಟ್ಟು ನೆನಪಿಡಿ, ನಾನು ನೆನಪಿಡಬೇಕಾದ ರೀತಿಯಲ್ಲಿ ನೆನಪಿಡಲಿಲ್ಲ.

ಮುಂದಿನ ದಿನಗಳನ್ನು ನೆನೆದರೆ ಈಗಲೂ ಬೆವರುತ್ತೇನೆ. ಒಂದು ಬ್ರಾಕೆಟ್ ಮರೆತರೆ ಇಡೀ ಪುಟ ಮಾಯ! ಆದರೂ ನಾನು ಬಿಡಲಿಲ್ಲ. ಆಫೀಸಿನಿಂದ ಬಂದವನೇ ಕಾಫಿಯನ್ನೂ ಕೇಳದೆ ಕೂರುತ್ತಿದ್ದೆ. ಯಂತ್ರ ಕೆಂಪಕ್ಷರದಲ್ಲಿ ಬೈಯುತ್ತಿತ್ತು, ನಾನು ಕನ್ನಡದಲ್ಲಿ ಬೈಯುತ್ತಿದ್ದೆ. ಒಮ್ಮೆ ಸಾಲು ಕೂರುವ ಡಬ್ಬ ತುಂಬಿ ಹೊರಗೆ ಚಾಚಿದೆ ಎನ್ನುವುದು, ಇನ್ನೊಮ್ಮೆ ಡಬ್ಬದಲ್ಲಿ ಏನೂ ಸಾಲದು ಎನ್ನುವುದು. ಎರಡನೆಯದಕ್ಕೆ 'ಬ್ಯಾಡ್‌ನೆಸ್ ಹತ್ತು ಸಾವಿರ' ಎಂಬ ಷರಾ ಬೇರೆ. ಅದನ್ನು ರತ್ನ ನನ್ನ ಭುಜದ ಮೇಲಿಂದ ಓದಿದಳು.

"ಕೆಟ್ಟತನ ಹತ್ತು ಸಾವಿರವಾ? ಮದುವೆಯಾದಾಗಿನಿಂದ ನನಗೆ ಗೊತ್ತಿತ್ತು, ಅಂಕಿ ಮಾತ್ರ ಗೊತ್ತಿರಲಿಲ್ಲ."

ಅಂತೂ ಒಂದು ಶನಿವಾರ ಪುಟ ತಯಾರಾಯಿತು. ಆಹಾ, ನೆತ್ತಿಯ ಮೇಲೆ ಚಂದ್ರಮೋಹನ ಎಂಬ ನನ್ನ ಹೆಸರು ಮದುವೆಯ ಕರೆಯೋಲೆಯಲ್ಲಿ ಕೂತಷ್ಟು ಠೀವಿಯಿಂದ ಕೂತಿತ್ತು. ಇಂಗ್ಲಿಷಿನಲ್ಲಿ ಏನಾದರೂ ತಪ್ಪಿದ್ದರೆ ನೋಡು ಎಂದು ರತ್ನಳಿಗೆ ಕೊಟ್ಟೆ. ಅವಳು ಹಿಂದೆ ಟೀಚರಾಗಿದ್ದವಳು. ಉತ್ತರಪತ್ರಿಕೆ ತಿದ್ದುವುದರಲ್ಲಿ ಅವಳ ಕೆಂಪು ಪೆನ್ನಿಗೆ ಇಡೀ ಶಾಲೆ ಹೆದರುತ್ತಿತ್ತಂತೆ. ಮಗಳು ಹುಟ್ಟಿದಾಗ ಕೆಲಸ ಬಿಟ್ಟಳು. ಮತ್ತೆ ಸೇರಲು ಹೊರಟಾಗ ಎಲ್ಲರೂ ಅವಳ ರೆಸ್ಯೂಮೆ ನೋಡಿ, ನಡುವೆ ಇಷ್ಟು ವರ್ಷ ಖಾಲಿ ಇದೆಯಲ್ಲ ಮೇಡಂ ಎಂದು ಹಿಂದಕ್ಕೆ ಕೊಟ್ಟರು. ಆಮೇಲೆ ಅವಳು ರೆಸ್ಯೂಮೆಯ ಹೆಸರೆತ್ತಿರಲಿಲ್ಲ.

ತಾಯಿ ಮಗಳು ಅದರ ಮುಂದೆ ಬಹಳ ಹೊತ್ತು ಕೂತು ಏನೋ ಗುಸುಗುಸು ಮಾಡಿದರು, ನಡುನಡುವೆ ನಕ್ಕರು. "ಫೈಲಲ್ಲೇ ಬರೆದಿದ್ದೀನಿ. ಓದಿ, ಸರಿಮಾಡಿ, ಆಮೇಲೆ ಕಳಿಸಿ" ಎಂದು ರತ್ನ ಲ್ಯಾಪ್‌ಟಾಪ್ ಹಿಂದಕ್ಕೆ ಕೊಟ್ಟಳು. ನಾನು ಬಲಗಡೆಯ ಪುಟ ನೋಡಿದೆ. ಒಂದಕ್ಷರವೂ ಬದಲಾಗಿರಲಿಲ್ಲ! ಟೀಚರಮ್ಮನ ಕೈಗೂ ಒಂದು ತಪ್ಪು ಸಿಗಲಿಲ್ಲ ಎಂದು ಬೀಗಿದೆ. ಎಡಗಡೆ ಹಸಿರು ಸ್ವಲ್ಪ ಹೆಚ್ಚಾದಂತೆ ಕಂಡಿತು. ಹಸಿರು ಮುಟ್ಟಬಾರದೆಂದು ಅಪ್ಪಣೆಯಾಗಿತ್ತಲ್ಲ, ಓದಲೂ ಇಲ್ಲ.

ಅರ್ಜಿ ಕಳಿಸಲು ಕೊನೆಯ ದಿನ ಪವನ್ ಮತ್ತೆ ಫೋನ್ ಮಾಡಿ, ಸಾಧನೆಗಳಿಗೆಲ್ಲ ಪರ್ಸೆಂಟ್ ಹಾಕಿದ್ದೀರಾ ಸರ್ ಎಂದು ಕೇಳಿದ. ಹಾಕಿರಲಿಲ್ಲ! ಕೂಡಲೇ ಕೂತು ಸಿಕ್ಕಸಿಕ್ಕಲ್ಲಿ ಪರ್ಸೆಂಟ್ ಚಿಹ್ನೆ ಜಡಿದೆ. ಬಟ್ಟೆಯ ದೋಷ ಇಷ್ಟು ಪರ್ಸೆಂಟ್ ಇಳಿಕೆ, ಗಿರಾಕಿಗಳ ಸಂತೋಷ ಅಷ್ಟು ಪರ್ಸೆಂಟ್ ಏರಿಕೆ. ಬಟನ್ ಒತ್ತಿದೆ. ನೋಡಿದರೆ ಪ್ರತಿ ಸಾಲೂ ಅರ್ಧಕ್ಕೇ ಕತ್ತರಿಸಿಕೊಂಡು ನಿಂತಿದೆ! 'ನನ್ನ ಮೇಲ್ವಿಚಾರಣೆಯಲ್ಲಿ ಬಟ್ಟೆಯ ದೋಷ ನಲವತ್ತು' ಎಂದಿದೆ, ಮುಂದೆ ಖಾಲಿ. ಚಿಹ್ನೆಯೂ ಇಲ್ಲ, ಇಳಿಕೆಯೂ ಇಲ್ಲ. ಪರ್ಸೆಂಟ್ ನುಂಗುವ ಮಹನೀಯರ ಬಗ್ಗೆ ಊರಲ್ಲೂ ಕೇಳಿದ್ದೆ, ಇಲ್ಲೂ ಕೇಳಿದ್ದೆ. ಪರ್ಸೆಂಟೇ ಬಾಯಿ ತೆರೆದು ನುಂಗಿದ್ದನ್ನು ಕಂಡದ್ದು ಅದೇ ಮೊದಲು.

ಕಾಲೇಜಿನಿಂದ ಮೆಟ್ರೊದಲ್ಲಿ ಬರುತ್ತಿದ್ದ ಸಿಂಚನಾಗೆ ಫೋನ್ ಮಾಡಿದೆ. ಗದ್ದಲದಲ್ಲಿ ಅವಳು ಕೂಗಿ ಹೇಳಿದ್ದರಲ್ಲಿ ನನಗೆ ತಿಳಿದದ್ದಿಷ್ಟು. ಇಲ್ಲಿ ಪರ್ಸೆಂಟ್ ಚಿಹ್ನೆಯ ಮುಂದೆ ಏನು ಬರೆದರೂ ಅದು ಹಸಿರಾಗಿ, ಪುಟದಿಂದ ಮಾಯವಾಗುತ್ತದೆ. ಚಿಹ್ನೆ ಕಾಣಬೇಕೆಂದರೆ ಅದರ ಹಿಂದೆ ಒಂದು ಓರೆಗೆರೆ ಎಳೆಯಬೇಕು. ಆಮೇಲೆ ಅವಳು, "ಲೇಕಿನ್ ಪಪ್ಪಾ, ಮಮ್ಮಿದು..." ಎಂದಳು, ಅಷ್ಟರಲ್ಲಿ ಮೆಟ್ರೊ ಸುರಂಗಕ್ಕೆ ನುಗ್ಗಿತು.

ಒಂದೊಂದಕ್ಕೇ ಓರೆಗೆರೆ ಹಾಕುತ್ತ ಕೂರಲು ನಾನೇನು ಗುಮಾಸ್ತನೇ? ಫೈಲಿನಲ್ಲಿರುವ ಪರ್ಸೆಂಟುಗಳಿಗೆಲ್ಲ ಒಂದೇ ಏಟಿಗೆ ಓರೆಗೆರೆ ಬೀಳಲಿ ಎಂದು ಅಪ್ಪಣೆ ಕೊಟ್ಟೆ. ಬಿದ್ದವು. ನಾನು ಹಾಕಿದ್ದಕ್ಕಿಂತ ಎಷ್ಟೋ ಹೆಚ್ಚು ಕಡೆ ಬಿದ್ದವು ಎಂದು ಯಂತ್ರ ವರದಿ ಮಾಡಿತು. ಧಾರಾಳಿ ಯಂತ್ರ ಎಂದುಕೊಂಡೆ. ಏನೋ ಕೆಂಪಕ್ಷರದಲ್ಲೂ ಗೊಣಗಿತು. ಅದರ ಬೈಗುಳ ನನಗೆ ಆಗಲೇ ಅಭ್ಯಾಸವಾಗಿತ್ತು. ನುಂಗಿದ್ದ ಸಾಲು ವಾಪಸ್ಸು ಬಂದಿದೆಯೇ ಎಂದು ಅದೊಂದನ್ನು ನೋಡಿದೆ, ಬಂದಿತ್ತು. ಪುಟವನ್ನು ಚಿಕ್ಕದು ಮಾಡಿ ದೂರದಿಂದ ಅಂದ ನೋಡಿದೆ. ಒಂದು ಪುಟವಿದ್ದದ್ದು ಎರಡು ಪುಟ ತುಂಬಿ ಮೈಕೈ ತುಂಬಿಕೊಂಡಿತ್ತು. ಕಳಿಸಿಯೇಬಿಟ್ಟೆ!

ವಾರ ಕಳೆಯುವುದರೊಳಗೆ ಸಂದರ್ಶನಕ್ಕೆ ಕರೆ ಬಂತು. ಲೇಟೆಕ್ಕಿನ ಮಹಿಮೆ ಎಂದು ಮನೆಯಲ್ಲಿ ಸಾರಿ, ಟೈ ಕಟ್ಟಿ ಹೊರಟೆ. ಆ ಕಂಪನಿಯ ಮಾಲಕಿ ಶ್ರೀಮತಿ ಭಸೀನ್ ನನ್ನ ರೆಸ್ಯೂಮೆಯನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಸಾಧನೆಗೆ ಕರಗಿದ್ದಾರೆ ಎಂದು ಭಾವಿಸಿದೆ. ಅವರು ಓದತೊಡಗಿದರು.

"'ಇಲ್ಲಿ ನಿಮ್ಮ ಸಾಧನೆಗಳನ್ನು ಬರೆಯಿರಿ. ಇಲ್ಲದಿದ್ದರೆ ಈ ಭಾಗ ಅಳಿಸಿ.' ಚಂದ್ರಮೋಹನ್ ಜೀ, ಇದೇನು?"

ನಮೂನೆಯವರ ಟಿಪ್ಪಣಿ! ಹಸಿರು ಹೊರಗೆ ಬಂದಿದೆ! ಹಸಿರು ಸಾಲುಗಳ ತಲೆಯಲ್ಲಿದ್ದ ಪರ್ಸೆಂಟುಗಳಿಗೂ ನನ್ನ ಓರೆಗೆರೆ ಬಿದ್ದಿತ್ತು. ಆದರೆ ಅದು ಬರೀ ಪೀಠಿಕೆಯಾಗಿತ್ತು. ನಮೂನೆಯವರ ಹಸಿರಿನ ಹಿಂದೆಯೇ ನನ್ನ ಹೆಂಡತಿಯ ಹಸಿರೂ ಸಾಲುಗಟ್ಟಿ ಬಂದಿತ್ತು, ಚೊಕ್ಕ ಟೀಚರ್ ಇಂಗ್ಲಿಷಿನಲ್ಲಿ.

ದೊಡ್ಡ ತಂಡವನ್ನು ಮುನ್ನಡೆಸಿದ್ದೇನೆ ಎಂದು ನಾನು ಬರೆದಿದ್ದೆ. ಪಕ್ಕದಲ್ಲಿ, 'ಯಾವ ತಂಡ? ಇವರು ಮತ್ತು ಪವನ್. ಅದರಲ್ಲಿ ಪವನ್ ಅರ್ಧ ದಿನ ರಜೆ.' ಒತ್ತಡದಲ್ಲೂ ಶಾಂತ ಸ್ವಭಾವ ಎಂದಿದ್ದೆ. ಪಕ್ಕದಲ್ಲಿ, 'ಇನ್ವರ್ಟರ್ ಕೆಟ್ಟ ದಿನ ಬಂದು ನೋಡಬೇಕು.' ಕಂಪನಿ ಸೇರಿದ ಇಸವಿಯ ಪಕ್ಕದಲ್ಲಿ, 'ತಪ್ಪು. ಆ ವರ್ಷ ಮನೆಯಲ್ಲಿದ್ದರು. ಸೇರಿದ್ದು ಮುಂದಿನ ವರ್ಷ.' ಪ್ರಶಸ್ತಿಯ ಪಕ್ಕದಲ್ಲಿ, 'ಇದು ಇಡೀ ವಿಭಾಗಕ್ಕೆ ಬಂದದ್ದು. ಒಬ್ಬರದೆಂದು ಬರೆಯಬಾರದು.' ಹಿಂದಿ ನಿರರ್ಗಳ ಎಂಬಲ್ಲಿ, 'ತರಕಾರಿ ಭಯ್ಯಾನನ್ನು ಇವತ್ತಿಗೂ ಸ್ತ್ರೀಲಿಂಗದಲ್ಲೇ ಮಾತಾಡಿಸುತ್ತಾರೆ.'

ಮಾನ ಉಳಿಸಿಕೊಳ್ಳಲೆಂದು ನಾನು ನಡುವೆ ಬಾಯಿ ಹಾಕಿದೆ. "ಮೇಡಂ, ಮೇರಾ ಪತ್ನಿ ಮಜಾಕ್ ಕರ್ತಾ ಹೈ."

ಹೆಂಡತಿ ತಮಾಷೆ ಮಾಡುತ್ತಾಳೆ ಎನ್ನಲು ಹೋಗಿ ಅವಳನ್ನು ಗಂಡಸು ಮಾಡಿಬಿಟ್ಟಿದ್ದೆ. ಭಸೀನ್ ಮೇಡಂ ಪೆನ್ನು ತೆಗೆದು, ಹಿಂದಿಯ ಷರಾದ ಪಕ್ಕದಲ್ಲಿ ಸರಿ ಎಂದು ಗುರುತು ಹಾಕಿಕೊಂಡರು.

ಎದ್ದು ಹೋಗೋಣವೆಂದು ಕುರ್ಚಿ ಸರಿಸಿದೆ. ತಿರುಪ್ಪೂರೇ ಗತಿ, ಅಥವಾ ಬಟಾಣಿ. ಕೂತುಕೊಳ್ಳಿ, ಕೊನೆಯದನ್ನು ಓದಿಲ್ಲ ಎಂದರು ಮೇಡಂ. ಈ ಸಲ ಅವರ ದನಿಯಲ್ಲಿ ನಗು ಇರಲಿಲ್ಲ.

"'ಮುಖ್ಯವಾದದ್ದನ್ನೇ ಬಿಟ್ಟಿದ್ದಾರೆ. ಮಕ್ಕಳ ಫ್ರಾಕಿನಲ್ಲಿ ಮುರಿದ ಸೂಜಿಯ ಚೂರು ಉಳಿದಿರಬಹುದು ಎಂದು ಲಾರಿಗೆ ಹತ್ತಿಸಿದ್ದ ಮಾಲನ್ನೆಲ್ಲ ಇಳಿಸಿದರು. ಎಲ್ಲರೂ ಬೈದರು, ಇವರು ಜಗ್ಗಲಿಲ್ಲ. ಚೂರು ಸಿಕ್ಕಿತು. ಇದನ್ನು ಮೊದಲ ಸಾಲಿನಲ್ಲಿ ಬರೆಯಬೇಕು. ನೂರಕ್ಕೆ ನೂರು.'"

ಬೈಸಿಕೊಂಡ ಕಥೆಯನ್ನು ರೆಸ್ಯೂಮೆಯಲ್ಲಿ ಯಾರು ಬರೆಯುತ್ತಾರೆ ಎಂದು ನಾನೇ ಬಿಟ್ಟಿದ್ದೆ. ಅವತ್ತು ಮನೆಗೆ ಬಂದು ಅವಳೊಬ್ಬಳಿಗೆ ಹೇಳಿಕೊಂಡಿದ್ದೆ. ಅವಳು ಆಗ ಬಿಸಿ ಸಾರು ಬಡಿಸಿದ್ದಳು ಅಷ್ಟೆ. ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದಾಳೆ ಎಂದು ತಿಳಿದದ್ದು ಈಗಲೇ.

ಭಸೀನ್ ಮೇಡಂ ಕಾಗದ ಮಡಿಸಿದರು. ಅವರ ಕಾರ್ಖಾನೆಯಲ್ಲಿ ಹೊಲಿಗೆ ಸಾಲಿನ ಪಕ್ಕ ನಿಂತು ಮಾಲು ಪರೀಕ್ಷಿಸಲು ಒಬ್ಬರು ಬೇಕಾಗಿದ್ದಾರೆ, ಸೂಜಿಯ ಚೂರು ಹುಡುಕಿದವರಿಗೇ ಆ ಕೆಲಸ, ಮುಂದಿನ ತಿಂಗಳು ಬಂದು ಸೇರಿ ಎಂದರು. ನನಗೆ ಕುಣಿಯುವಂತಾಯಿತು. ಜನಕಪುರಿ ಉಳಿಯಿತು! ಆದರೂ ಆಸೆ ಬಿಡಬೇಕಲ್ಲ. ಹಾಗಾದರೆ ವರದಿ ತಿದ್ದುವ ಕೆಲಸ, ಆ ಎಸಿ ರೂಮು, ಎಂದು ಮೆಲ್ಲಗೆ ರಾಗ ಎಳೆದೆ.

"ಅದಕ್ಕೆ ಸುಳ್ಳು ಹಿಡಿಯುವವರು ಬೇಕು, ಚಂದ್ರಮೋಹನ್ ಜೀ. ಬರೆಯುವವರಲ್ಲ. ಈ ಷರಾ ಬರೆದವರ ರೆಸ್ಯೂಮೆ ಕಳಿಸಿಕೊಡಿ. ಇನ್ನು ಮೇಲೆ ನಿಮ್ಮ ವರದಿಗಳು ಅವರ ಮೇಜಿನ ಮೇಲೇ ಬರುತ್ತವೆ."

ಮನೆಗೆ ಬಂದು ನಡೆದದ್ದನ್ನೆಲ್ಲ ಒಪ್ಪಿಸಿದೆ. ತನ್ನ ಷರಾಗಳೆಲ್ಲ ಅಚ್ಚಾಗಿ ಓಖ್ಲಾ ತಲುಪಿದವೆಂದು ತಿಳಿದು ರತ್ನ ಮೊದಲು ತಲೆ ಮೇಲೆ ಕೈಹೊತ್ತು ಕೂತಳು. ಕೆಲಸದ ಮಾತು ಬಂದಾಗ ಕೈ ಇಳಿಸಿದಳು. ನಿಜವಾಗಿಯೂ ಕರೆದರಾ ಎಂದು ಕೇಳಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದಳು. ನಡುವೆ ಖಾಲಿ ಬಿದ್ದ ವರ್ಷಗಳ ಬಗ್ಗೆ ಏನೂ ಕೇಳಲಿಲ್ಲವಾ ಎಂದೂ ಕೇಳಿದಳು. ಇಲ್ಲ ಎಂದೆ. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

ನನ್ನ ಹಳೆಯ ಹುರುಪು ಮರಳಿತು. ಲ್ಯಾಪ್‌ಟಾಪ್ ಎಳೆದುಕೊಂಡು, ತೋಳು ಮಡಿಸಿ, "ನೀನೇನೂ ಯೋಚನೆ ಮಾಡಬೇಡ ಕಣೇ, ದೆಹಲಿಯೇ ಕಂಡಿರದಂಥ ರೆಸ್ಯೂಮೆಯನ್ನು ಈಗಲೇ ಲೇಟೆಕ್ಕಿನಲ್ಲಿ ಮಾಡಿಕೊಡ್ತೀನಿ" ಎಂದು ಘೋಷಿಸಿದೆ.

ರತ್ನ ಲ್ಯಾಪ್‌ಟಾಪಿನ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದಳು.

"ಬೇಡ ಬಿಡ್ರೀ. ನನ್ನ ರೆಸ್ಯೂಮೆ ಆಗಲೇ ಅವರ ಹತ್ತಿರ ಇದೆ. ನಿಮ್ಮದರೊಳಗೆ."